ನೂರು ಕೂದಲಿನ ಲೆಕ್ಕ

ತಲೆ ಬಾಚಿಕೊಂಡ ಮೇಲೆ ಬಾಚಣಿಗೆಯ ಹಲ್ಲಿಗೆ ಸಿಕ್ಕ ಕೂದಲನ್ನು ಎಳೆದು, ಎರಡು ಬೆರಳಿಗೆ ಸುತ್ತಿ, ಉಂಡೆ ಮಾಡಿ ಗೋಡೆಯ ಸಂದಿಗೋ ಜಂತಿಯ ಮೂಲೆಗೋ ಸಿಕ್ಕಿಸುವುದು ನಮ್ಮ ಕಡೆಯ ಹೆಂಗಸರ ಹಳೆಯ ರೂಢಿ. ಈಗ ಗೋಡೆಗಳು ಸಿಮೆಂಟಿನವು, ಸಂದಿಗಳೇ ಇಲ್ಲ. ಹಾಗಾಗಿ ಉಂಡೆ ಪ್ಲಾಸ್ಟಿಕ್ ಚೀಲಕ್ಕೆ ಬೀಳುತ್ತದೆ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಸೈಕಲ್ಲಿನವನು ಕೂಗುತ್ತಾ ಬರುತ್ತಾನೆ. ಚೀಲ ಕೊಟ್ಟರೆ ಪಿನ್ನು, ಬಲೂನು. ತೂಕ ಹೆಚ್ಚಿದ್ದರೆ ಸ್ಟೀಲಿನ ಡಬ್ಬಿ. ಆ ಚೀಲದ ಬೆನ್ನು ಹತ್ತಿ ಹೋದರೆ, ಕೈಯಿಂದ ಕೈಗೆ ದಾಟುತ್ತಾ, ಕೊಪ್ಪಳದ ರೈಲು ಹಳಿಯಾಚೆಗಿನ ಭಾಗ್ಯನಗರಕ್ಕೆ ಬಂದು ಮುಟ್ಟಬಹುದು.

ಭಾಗ್ಯನಗರ ಮೊದಲು ನೇಕಾರರ ಊರು, ಆಮೇಲೆ ಕೂದಲಿನ ಊರು. ಇಂದಿಗೂ ಕೆಲವು ಮನೆಗಳಿಂದ ಮಗ್ಗದ ಸದ್ದು ಬೀದಿಗೆ ಕೇಳುತ್ತದೆ. ಅದೇ ಓಣಿಯ ಇನ್ನೊಂದು ಮನೆಯ ಪಡಸಾಲೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಕರಿಯ ರಾಶಿಯೊಂದರ ಸುತ್ತ ಕೂತು ದಬ್ಬಣದಿಂದ ಸಿಕ್ಕು ಬಿಡಿಸುತ್ತಿರುತ್ತಾರೆ. ಬಿಡಿಸಿದ್ದನ್ನು ತೊಳೆಯಬೇಕು, ಒಣಗಿಸಬೇಕು, ಕಬ್ಬಿಣದ ಹಲ್ಲುಗಳ ಹಲಗೆಯ ಮೇಲೆ ಎಳೆದೆಳೆದು ಬಾಚಬೇಕು, ಬಿಳಿಯದನ್ನು ಬೇರೆ ಮಾಡಬೇಕು, ಇಂಚಿನ ಲೆಕ್ಕದಲ್ಲಿ ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟಬೇಕು. ಕಟ್ಟುಗಳು ಮುಂದೆ ದೂರದ ದೇಶಗಳಲ್ಲಿ ವಿಗ್ ಆಗುತ್ತವೆ.

ಇದರಲ್ಲಿ ತೀರಾ ಬೇಸರದ ಕೆಲಸ ಯಾವುದೆಂದರೆ ಬುಡ ಯಾವುದು, ತುದಿ ಯಾವುದು ಎಂದು ನೋಡಿ ಜೋಡಿಸುವುದು. ಕೂದಲಿನ ಮೈಮೇಲೆ ಹೆಂಚಿನ ಹಾಗೆ ಒಂದರ ಮೇಲೊಂದು ಹೊದಿಸಿದ ಪುಟ್ಟ ಪೊರೆಗಳಿವೆ. ಅವೆಲ್ಲ ಬುಡದಿಂದ ತುದಿಯ ಕಡೆಗೇ ಇಳಿಜಾರು. ತಲೆಕೆಳಗಾದ ಕೂದಲು ನಡುವೆ ಸೇರಿಕೊಂಡರೆ ಹೆಂಚಿಗೆ ಹೆಂಚು ಸಿಕ್ಕಿಕೊಂಡು ಗಂಟಾಗುತ್ತದೆ. ನಂಬಿಕೆ ಬರದಿದ್ದರೆ ನಿಮ್ಮದೇ ಉದ್ದನೆಯ ಕೂದಲೊಂದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು, ಎರಡೂ ಬೆರಳನ್ನು ಕೂದಲಿನ ಉದ್ದಕ್ಕೆ ಹಿಂದೆ ಮುಂದೆ ಮೆಲ್ಲಗೆ ತಿಕ್ಕಿ ನೋಡಿ. ಬೆರಳು ಎರಡೂ ಕಡೆ ಆಡಿದರೂ ಕೂದಲು ಮಾತ್ರ ಒಂದೇ ದಿಕ್ಕಿಗೆ, ಬುಡ ಮುಂದಾಗಿ, ಹುಳದ ಹಾಗೆ ತೆವಳಿಕೊಂಡು ಹೋಗುತ್ತದೆ. ತಿರುಮಲದ ಕಲ್ಯಾಣಕಟ್ಟೆಯಂಥ ಕಡೆಯಿಂದ ಹರಾಜಿನಲ್ಲಿ ಬರುವ ಮುಡಿಗೆ ಹೆಚ್ಚು ಬೆಲೆ, ಸೈಕಲ್ಲಿನವನ ಚೀಲದ ಉಂಡೆಗೆ ಕಡಿಮೆ ಬೆಲೆ ಇರುವುದಕ್ಕೆ ಇದೂ ಒಂದು ಕಾರಣ. ಮುಡಿಯಲ್ಲಿ ಬುಡಗಳೆಲ್ಲ ಒಂದೇ ಕಡೆ ಇರುತ್ತವೆ. ಉಂಡೆಯಲ್ಲಿ ದಿಕ್ಕೇ ಕಲಸಿಹೋಗಿರುತ್ತದೆ.

ಸೀರೆ ನೇಯುತ್ತಿದ್ದ ಊರು ಕೂದಲಿಗೆ ಹೊರಳಿಕೊಂಡ ಕತೆಯನ್ನು ವ್ಯಕ್ತಿತ್ವ ವಿಕಸನದ ಪುಸ್ತಕಗಳ ಕೈಗೆ ಕೊಟ್ಟರೆ ಅವು ಒಂದೇ ಸಾಲಿನಲ್ಲಿ ಮುಗಿಸುತ್ತವೆ: ಅನಿಶ್ಚಿತತೆಗೆ ಹೆದರಬೇಡಿ, ಬದಲಾವಣೆಯನ್ನು ಪ್ರೀತಿಸಿ. ನನಗೆ ಈ ಉಪದೇಶದ ಮೇಲೆ ಬಹಳ ದಿನದ ಅನುಮಾನ. ಪ್ರೀತಿಸು ಎಂದ ತಕ್ಷಣ ಪ್ರೀತಿ ಹುಟ್ಟುವುದಾದರೆ ಅತ್ತೆ-ಸೊಸೆಯರ ಜಗಳವೇ ಇರುತ್ತಿರಲಿಲ್ಲ. ಬದಲಾವಣೆಯನ್ನು ತಾಳಿಕೊಳ್ಳುವ ಬಗೆ ಬೇರೆಯೇ ಇದೆ. ಅದು ನಮ್ಮ ನೆತ್ತಿಯ ಮೇಲೆಯೇ ದಿನಾ ನಡೆಯುತ್ತಿದೆ.

ಮನುಷ್ಯನ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿವೆ. ಪ್ರತಿಯೊಂದೂ ತನ್ನದೇ ಗುಳಿಯಲ್ಲಿ ಕೂತು ಒಂದು ಸುತ್ತು ತಿರುಗುತ್ತದೆ. ಎರಡರಿಂದ ಆರು ವರ್ಷ ಬೆಳೆಯುವ ಕಾಲ, ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್. ಆಮೇಲೆ ಎರಡು ಮೂರು ವಾರ ಗುಳಿ ಕುಗ್ಗುವ ಕಾಲ. ಆಮೇಲೆ ಮೂರು ತಿಂಗಳು ಸುಮ್ಮನಿರುವ ಕಾಲ. ಕೊನೆಗೆ ಅದು ಬಿದ್ದುಹೋಗುತ್ತದೆ, ಅದೇ ಗುಳಿಯಲ್ಲಿ ಹೊಸದು ಏಳುತ್ತದೆ. ಯಾವ ಹೊತ್ತಿನಲ್ಲಿ ನೋಡಿದರೂ ನೂರಕ್ಕೆ ಸುಮಾರು 10 ಕೂದಲು ಸುಮ್ಮನಿರುವ ಸ್ಥಿತಿಯಲ್ಲಿರುತ್ತವೆ. ಲಕ್ಷಕ್ಕೆ 10 ಸಾವಿರ. ಆ 10 ಸಾವಿರ ಹೆಚ್ಚುಕಡಿಮೆ 100 ದಿನಗಳಲ್ಲಿ ಉದುರಬೇಕೆಂದರೆ ದಿನಕ್ಕೆ 100. ವೈದ್ಯರು ದಿನಕ್ಕೆ 50ರಿಂದ 100 ಕೂದಲು ಉದುರಿದರೆ ಗಾಬರಿ ಬೇಡ ಎನ್ನುವುದಕ್ಕೆ ಆಧಾರ ಈ ಸರಳ ಭಾಗಾಕಾರ. ಭಾಗ್ಯನಗರದ ಒಂದು ಪಾಲು ವ್ಯಾಪಾರ ನಿಂತಿರುವುದೂ ಈ ಭಾಗಾಕಾರದ ಮೇಲೆಯೇ.

ದಿನಾ ನೂರು ಹೋದರೂ ತಲೆ ಬೋಳಾಗುವುದಿಲ್ಲವಲ್ಲ, ಏಕೆ? ಪಕ್ಕಪಕ್ಕದ ಎರಡು ಕೂದಲಿನ ಗಡಿಯಾರ ಒಂದೇ ಹೊತ್ತು ತೋರಿಸುವುದಿಲ್ಲ. ಒಂದಕ್ಕೆ ಬೆಳಗು, ಇನ್ನೊಂದಕ್ಕೆ ಸಂಜೆ. ಇಲಿಯ ಮೈಯಲ್ಲಿ ಹೀಗಲ್ಲ. ಅಲ್ಲಿ ಒಂದು ಪ್ರದೇಶದ ರೋಮವೆಲ್ಲ ಒಟ್ಟಿಗೆ ಬೆಳೆದು ಒಟ್ಟಿಗೆ ನಿಲ್ಲುತ್ತದೆ, ಅಲೆ ಎದ್ದ ಹಾಗೆ. ಹುಟ್ಟಿದ ಮಗುವಿನ ತಲೆಯೂ ಮೊದಮೊದಲು ಸ್ವಲ್ಪ ಹಾಗೆಯೇ. ಜವಳ ತೆಗೆಸುವ ಮುಂಚೆಯೇ ಕೂಸಿನ ಹಿಂದಲೆಯ ಕೂದಲು ಒಮ್ಮೆಗೇ ಉದುರಿ ಬೋಳಾಗುವುದನ್ನು ನೋಡಿ ಅಜ್ಜಿಯರು ದಿಂಬನ್ನು ಬಯ್ಯುತ್ತಾರೆ. ತಪ್ಪು ದಿಂಬಿನದಲ್ಲ. ಅಲ್ಲಿನ ಗುಳಿಗಳೆಲ್ಲ ಇನ್ನೂ ಒಂದೇ ಗಡಿಯಾರದಲ್ಲಿವೆ. ಬೆಳೆಯುತ್ತಾ ಹೋದಂತೆ ಗಡಿಯಾರಗಳು ಚದುರುತ್ತವೆ.

ಚದುರಿದ್ದು ಮತ್ತೆ ಒಂದಾದರೆ ಏನಾಗುತ್ತದೆ ಎನ್ನುವುದನ್ನು ಕೋವಿಡ್ ತೋರಿಸಿತು. ಜ್ವರ ಬಂದು ಹೋಗಿ ಎರಡು ಮೂರು ತಿಂಗಳಾದ ಮೇಲೆ ಸ್ನಾನದ ಕೋಣೆಯಲ್ಲಿ ಮುಷ್ಟಿ ಮುಷ್ಟಿ ಕೂದಲು ಕಂಡು ಎಷ್ಟೋ ಜನ ಕಂಗಾಲಾದರು. ಹೆರಿಗೆಯ ನಂತರವೂ ಇದೇ ಆಗುತ್ತದೆ. ದೊಡ್ಡ ಪೆಟ್ಟೊಂದು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಬಹಳಷ್ಟು ಏಕಕಾಲಕ್ಕೆ ಕೆಲಸ ನಿಲ್ಲಿಸಿ ಸುಮ್ಮನಿರುವ ಸಾಲಿಗೆ ಸೇರಿಬಿಡುತ್ತವೆ. ಮೂರು ತಿಂಗಳ ಗಡುವು ಎಲ್ಲವಕ್ಕೂ ಹೆಚ್ಚುಕಡಿಮೆ ಒಟ್ಟಿಗೇ ಮುಗಿಯುತ್ತದೆ. ಪೆಟ್ಟಿಗೂ ಉದುರುವಿಕೆಗೂ ನಡುವೆ ಇಷ್ಟು ಅಂತರ ಇರುವುದರಿಂದ ಜನ ಹಳೆಯ ಜ್ವರವನ್ನು ಮರೆತು ಹೊಸ ಶಾಂಪೂವನ್ನು ದೂರುತ್ತಾರೆ. ಹೆಚ್ಚಿನವರಿಗೆ ಕೂದಲು ಮತ್ತೆ ಬರುತ್ತದೆ, ಏಕೆಂದರೆ ಗುಳಿ ಸತ್ತಿರುವುದಿಲ್ಲ.

ಕೂದಲಿಗೆ ಮಿದುಳಿಲ್ಲ, ಅದಕ್ಕೆ ಚಿಂತೆಯೂ ಇಲ್ಲ. ಮಿದುಳಿರುವ ನಮ್ಮ ಪಾಡು ಬೇರೆ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು 45 ಜನರನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಆಟ ಆಡಿಸಿದರು. ಪರದೆಯ ಮೇಲೆ ಕಲ್ಲುಗಳು. ಈ ಕಲ್ಲಿನ ಕೆಳಗೆ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವಿದ್ದರೆ ಕೈಗೆ ನೋವಾಗುವಷ್ಟು ಕರೆಂಟಿನ ಶಾಕ್. ಯಾವ ಕಲ್ಲಿನ ಕೆಳಗೆ ಹಾವು ಹೆಚ್ಚು ಎನ್ನುವುದು ಆಟ ಸಾಗಿದಂತೆ ಬದಲಾಗುತ್ತಾ ಹೋಗುತ್ತದೆ. ಆಡುವವರ ಬೆವರು, ಕಣ್ಣಿನ ಪಾಪೆ ಹಿಗ್ಗುವುದು ಎರಡನ್ನೂ ಅಳೆದರು. ಶಾಕ್ ಖಂಡಿತ ಎಂದು ಗೊತ್ತಿದ್ದಾಗ ಜನ ಹೆಚ್ಚು ಸಂಕಟಪಡಬೇಕಿತ್ತಲ್ಲವೇ? ಹಾಗಾಗಲಿಲ್ಲ. ಬಂದರೂ ಬರಬಹುದು, ಬರದಿದ್ದರೂ ಇರಬಹುದು ಎನ್ನುವ ಅರ್ಧಕ್ಕರ್ಧದ ಹೊತ್ತಿನಲ್ಲಿ ಸಂಕಟ ಎಲ್ಲಕ್ಕಿಂತ ಹೆಚ್ಚಿತ್ತು. ಪರೀಕ್ಷೆಯ ಫಲಿತಾಂಶದ ಹಿಂದಿನ ರಾತ್ರಿ ಮಲಗದ ಹುಡುಗ, ನಪಾಸಾದ ಮೇಲೆ ಗೊರಕೆ ಹೊಡೆಯುವುದನ್ನು ಕಂಡವರಿಗೆ ಇದು ಹೊಸ ಸುದ್ದಿಯಲ್ಲ.

ಆದರೆ ಅದೇ ಮಿದುಳು ಕಲಿಯುವುದು ಮಾತ್ರ ಲೆಕ್ಕ ತಪ್ಪಿದಾಗ. ಜರ್ಮನಿಯಲ್ಲಿ ಹುಟ್ಟಿದ ನರವಿಜ್ಞಾನಿ ವುಲ್ಫ್ರಮ್ ಶುಲ್ಟ್ಜ್ ಕೋತಿಗಳ ಮಿದುಳಿನ ಡೋಪಮೈನ್ ನರಕೋಶಗಳನ್ನು ವರ್ಷಗಟ್ಟಲೆ ಆಲಿಸಿದವರು. 1997ರಲ್ಲಿ ಪೀಟರ್ ದಯಾನ್, ರೀಡ್ ಮಾಂಟೆಗ್ ಜೊತೆ ಅವರು ಮುಂದಿಟ್ಟ ವಿವರಣೆ ಹೀಗಿದೆ: ನಿರೀಕ್ಷೆ ಇಲ್ಲದೆ ಹಣ್ಣಿನ ರಸ ಸಿಕ್ಕರೆ ಈ ಕೋಶಗಳು ಜೋರಾಗಿ ಮಿಡಿಯುತ್ತವೆ. ದೀಪ ಹೊತ್ತಿದ ಮೇಲೆ ರಸ ಬರುತ್ತದೆ ಎಂದು ಕೋತಿಗೆ ರೂಢಿಯಾದರೆ ಆ ಮಿಡಿತ ದೀಪಕ್ಕೆ ವರ್ಗವಾಗುತ್ತದೆ, ರಸ ಬಂದಾಗ ಏನೂ ಇಲ್ಲ. ದೀಪ ಹೊತ್ತಿಯೂ ರಸ ಬರದಿದ್ದರೆ ಮಿಡಿತ ಕುಸಿಯುತ್ತದೆ. ಅಂದರೆ ಕೋಶ ಅಳೆಯುತ್ತಿರುವುದು ರಸವನ್ನಲ್ಲ, ನೆನೆಸಿದ್ದಕ್ಕೂ ದಕ್ಕಿದ್ದಕ್ಕೂ ನಡುವಿನ ವ್ಯತ್ಯಾಸವನ್ನು. ಎಲ್ಲವೂ ನೆನೆಸಿದ ಹಾಗೆಯೇ ನಡೆಯುವ ದಿನ ಅದಕ್ಕೆ ಬರೆದುಕೊಳ್ಳಲು ಏನೂ ಇರುವುದಿಲ್ಲ. ಯಾವುದು ನಮ್ಮನ್ನು ಹೆಚ್ಚು ಸುಡುತ್ತದೋ ಅದೇ ನಮಗೆ ಕಲಿಸುವ ಸಾಮಗ್ರಿ, ಇದು ಪ್ರಕೃತಿಯ ಸ್ವಲ್ಪ ಕ್ರೂರವಾದ ತಮಾಷೆ.

ಇನ್ನೊಂದು ತೊಡಕಿದೆ. ನೇಕಾರನ ಕಡೆಯಿಂದ ನೋಡಿದರೆ ಇದೇ ದೊಡ್ಡದು. ಈ ಸಲ ದೀಪಾವಳಿಗೆ ಸೀರೆ ಹೋಗಲಿಲ್ಲ. ಅದು ಒಂದು ಸುಗ್ಗಿಯ ಮಂಕೋ, ಕಾಲವೇ ಬದಲಾಯಿತೋ? ಮಂಕಾದರೆ ಹಲ್ಲು ಕಚ್ಚಿ ಕೂರಬೇಕು. ಕಾಲ ಬದಲಾಗಿದ್ದರೆ ಕೂರುವುದು ಮೂರ್ಖತನ. ಕೈಮಗ್ಗಕ್ಕೆಂದೇ ಕೆಲವು ಬಟ್ಟೆಗಳನ್ನು ಕಾಯ್ದಿರಿಸುವ ಕಾನೂನು 1985ರಲ್ಲಿ ಬಂತು. ಆದರೂ ವಿದ್ಯುತ್ ಮಗ್ಗದ ಸೀರೆ ಸಂತೆಗೆ ಬರುವುದು ನಿಲ್ಲಲಿಲ್ಲ. ಆ ದಿನಗಳಲ್ಲಿ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತವನಿಗೆ ಒಂದೊಂದು ಕೆಟ್ಟ ವಾರವೂ ಈ ಎರಡರಲ್ಲಿ ಯಾವುದು ಎನ್ನುವ ಒಗಟು. ಏಂಜೆಲಾ ಯು ಮತ್ತು ದಯಾನ್ 2005ರಲ್ಲಿ ಈ ಎರಡನ್ನೂ ಬೇರೆ ಬೇರೆ ಹೆಸರಿಟ್ಟು ಗುರುತಿಸಿದರು: ನಿರೀಕ್ಷಿತ ಅನಿಶ್ಚಿತತೆ, ಅನಿರೀಕ್ಷಿತ ಅನಿಶ್ಚಿತತೆ. ಮೃಗಶಿರ ಮಳೆ ಕೈಕೊಡಬಹುದು ಎನ್ನುವುದು ಮೊದಲನೆಯದು. ಅದು ಕೈಕೊಟ್ಟರೂ ರೈತನ ಲೆಕ್ಕದ ಒಳಗೇ ಇರುತ್ತದೆ. ಲೆಕ್ಕದ ಪುಸ್ತಕವೇ ಹಳತಾಯಿತು ಎನ್ನುವುದು ಎರಡನೆಯದು. ಮಿದುಳು ಇವೆರಡಕ್ಕೆ ಬೇರೆ ಬೇರೆ ರಾಸಾಯನಿಕಗಳನ್ನು ಬಳಸುತ್ತಿರಬಹುದು ಎಂದೂ ಅವರು ವಾದಿಸಿದರು.

ಮನುಷ್ಯರು ಈ ಒಗಟನ್ನು ಅಷ್ಟೇನೂ ಕೆಟ್ಟದಾಗಿ ಬಿಡಿಸುವುದಿಲ್ಲ ಎನ್ನುವುದು ಸಮಾಧಾನದ ಸಂಗತಿ. 2007ರಲ್ಲಿ ಆಕ್ಸ್‌ಫರ್ಡಿನ ಟಿಮ್ ಬೆಹ್ರೆನ್ಸ್ ತಂಡ ಎರಡು ಬಣ್ಣಗಳ ನಡುವೆ ಆರಿಸುವ ಆಟ ಕೊಟ್ಟು ನೋಡಿತು. ಗೆಲ್ಲುವ ಬಣ್ಣ ಬಹಳ ಹೊತ್ತು ಒಂದೇ ಆಗಿದ್ದಾಗ ಜನ ಒಂದೆರಡು ಸೋಲನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅದು ಪದೇ ಪದೇ ಬದಲಾಗತೊಡಗಿದಾಗ ಹಳೆಯ ಅನುಭವಕ್ಕೆ ತೂಕ ಕಡಿಮೆ ಮಾಡಿ ನಿನ್ನೆ ಮೊನ್ನೆಯದಕ್ಕೆ ಹೆಚ್ಚು ಕೊಟ್ಟರು. ಯಾರೂ ಹೇಳಿಕೊಡದೆ. ಆದರೆ ಗಮನಿಸಿ: ಅವರು ಇದನ್ನು ಮಾಡಬಲ್ಲವರಾದದ್ದು ನೂರಾರು ಸಲ ಆಡಲು ಅವಕಾಶ ಇದ್ದುದರಿಂದ. ಒಂದೊಂದು ಸೋಲಿನ ಬೆಲೆ ಚಿಕ್ಕದಾಗಿದ್ದುದರಿಂದ.

ಕೂದಲ ಪೇಟೆಯಲ್ಲಿ ಸೋಲಿನ ಬೆಲೆ ಚಿಕ್ಕದಲ್ಲ. ಆ ಪೇಟೆಯೇ ಒಂದು ಸೂತ್ರದ ಗೊಂಬೆ, ಅದನ್ನು ಆಡಿಸುವ ಸೂತ್ರ ದೂರದಲ್ಲೆಲ್ಲೋ ಇರುತ್ತದೆ. 1960ರ ದಶಕದ ನಡುವಿನಲ್ಲಿ ಅಮೆರಿಕ ಕಮ್ಯುನಿಸ್ಟ್ ಚೀನಾದ ಕೂದಲು ಬೇಡ ಎಂದಿತು. ದಕ್ಷಿಣ ಕೊರಿಯಾದ ವಿಗ್ ಕಾರ್ಖಾನೆಗಳಿಗೆ ಅದೃಷ್ಟ ಕುದುರಿತು. 2004ರಲ್ಲಿ ಜೆರುಸಲೇಮಿನ ಹಿರಿಯ ಯಹೂದಿ ಧರ್ಮಗುರು ಯೋಸೆಫ್ ಶಾಲೋಮ್ ಎಲ್ಯಾಶಿವ್, ಭಾರತದ ದೇವಸ್ಥಾನಗಳ ಮುಡಿಯಿಂದ ಮಾಡಿದ ವಿಗ್‌ಗಳನ್ನು ತೊಡಬಾರದೆಂದು ತೀರ್ಪು ಕೊಟ್ಟರು. ಬ್ರೂಕ್ಲಿನ್ನಿನ ಬೀದಿಗಳಲ್ಲಿ ಯಹೂದಿ ಹೆಂಗಸರು ದುಬಾರಿ ವಿಗ್‌ಗಳನ್ನು ಬೆಂಕಿಗೆ ಹಾಕಿದರು. 2020ರಲ್ಲಿ ಲಾಕ್‌ಡೌನ್: ಮನೆಮನೆಯ ಸೈಕಲ್ಲು ನಿಂತಿತು, ಹಡಗೂ ನಿಂತಿತು. 2022ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಚ್ಚಾ ಕೂದಲಿನ ರಫ್ತಿಗೆ ನಿರ್ಬಂಧ ಹಾಕಿತು. ಕಚ್ಚಾ ಮಾಲು ಕಳ್ಳದಾರಿಯಲ್ಲಿ ಹೊರಗೆ ಹೋಗಿ ಇಲ್ಲಿನ ಕೈಗಳಿಗೆ ಕೆಲಸ ತಪ್ಪುತ್ತಿದೆ ಎನ್ನುವ ದೂರು ಅದರ ಹಿಂದಿತ್ತು. ಒಬ್ಬರಿಗೆ ಮುಚ್ಚಿದ ಬಾಗಿಲು ಇನ್ನೊಬ್ಬರಿಗೆ ತೆರೆದದ್ದು. ಸೀರೆಯಿಂದ ಕೂದಲಿಗೆ ಹಾರಿದವರು ಅನಿಶ್ಚಿತತೆಯಿಂದ ಪಾರಾದರು ಎಂದು ಯಾರಾದರೂ ಹೇಳಿದರೆ ನಗಬೇಕಾಗುತ್ತದೆ. ಅವರು ಒಂದು ಬಗೆಯ ಅನಿಶ್ಚಿತತೆಯನ್ನು ಕೊಟ್ಟು ಇನ್ನೊಂದನ್ನು ತಂದುಕೊಂಡರು, ಅಷ್ಟೇ.

ಆದರೆ ಎಲ್ಲರೂ ಹಾರಲಿಲ್ಲ, ಹಾರಿದವರೂ ಒಟ್ಟಿಗೆ ಹಾರಲಿಲ್ಲ. ಇದು ನನಗೆ ಮುಖ್ಯವಾಗಿ ಕಾಣುತ್ತದೆ. ಇದನ್ನು ಅರ್ಥಮಾಡಿಕೊಳ್ಳಲು ಊರು ಬಿಟ್ಟು ಉತ್ತರಕ್ಕೆ, ಯಲಬುರ್ಗಾದ ಎರೆ ಹೊಲಗಳಿಗೆ ಹೋಗಬೇಕು. ವರ್ಷಕ್ಕೆ 600 ಮಿಲಿಮೀಟರ್ ಆಚೀಚೆ ಮಳೆ, ಅದೂ ಯಾವಾಗ ಬರುತ್ತದೋ ದೇವರೇ ಬಲ್ಲ. ಇಲ್ಲಿನ ಹಳೆಯ ಪದ್ಧತಿ ಸಜ್ಜೆಯ ಸಾಲುಗಳ ನಡುವೆ ತೊಗರಿ ಹಾಕುವುದು. ಮುಂಗಾರು ಚೆನ್ನಾಗಿದ್ದರೆ ಸಜ್ಜೆ ಬೇಗ ಕೈಗೆ ಬರುತ್ತದೆ. ಅದು ಹೋದರೂ, ಆಳಕ್ಕೆ ಬೇರು ಬಿಟ್ಟು ಕೂತ ತೊಗರಿ ಹಿಂಗಾರಿನ ಒಂದೆರಡು ಮಳೆಗೆ ಚಳಿಗಾಲದಲ್ಲಿ ಕಾಯಿ ಕಚ್ಚುತ್ತದೆ. ಒಂದೇ ಹೊಲ, ಎರಡು ಗಡಿಯಾರ.

ಮರುಭೂಮಿಯ ಹುಲ್ಲುಗಿಡಗಳು ಈ ಪದ್ಧತಿಯನ್ನು ಮನುಷ್ಯನಿಗಿಂತ ಬಹಳ ಮೊದಲೇ ಕಲಿತಿದ್ದವು. ಒಳ್ಳೆಯ ಮಳೆ ಬಿದ್ದರೂ ಅವುಗಳ ಬೀಜ ಎಲ್ಲವೂ ಮೊಳೆಯುವುದಿಲ್ಲ. ಒಂದು ಪಾಲು ಮಣ್ಣಿನಲ್ಲೇ ಮಲಗಿರುತ್ತದೆ. ಸೋಮಾರಿತನವೇ? ಇಸ್ರೇಲಿನ ಡ್ಯಾನ್ ಕೋಹೆನ್ 1966ರಲ್ಲಿ ಇದಕ್ಕೆ ಗಣಿತ ಕೊಟ್ಟರು. ತಲೆಮಾರಿನಿಂದ ತಲೆಮಾರಿಗೆ ಸಂಖ್ಯೆ ಬೆಳೆಯುವುದು ಗುಣಾಕಾರದಲ್ಲಿ, ಸಂಕಲನದಲ್ಲಿ ಅಲ್ಲ. ಒಂಬತ್ತು ವರ್ಷ ಹತ್ತು ಪಟ್ಟು ಬೆಳೆದು ಹತ್ತನೆಯ ವರ್ಷ ಸೊನ್ನೆಯಿಂದ ಗುಣಿಸಿದರೆ ಉಳಿಯುವುದು ಸೊನ್ನೆ. ಆದ್ದರಿಂದ ಸೊನ್ನೆ ಬರುವ ಸಾಧ್ಯತೆ ಇರುವ ಕಡೆ ಒಂದಿಷ್ಟು ಬೀಜ ಹಿಡಿದಿಟ್ಟ ಗಿಡದ ವಂಶವೇ ಮುಂದೆ ಬದುಕಿರುತ್ತದೆ. ಹಿಡಿದಿಟ್ಟಿದ್ದಕ್ಕೆ ದಂಡ ಇದ್ದೇ ಇದೆ. ಒಳ್ಳೆಯ ವರ್ಷ ಪಕ್ಕದ ಗಿಡ ನಿನಗಿಂತ ಹೆಚ್ಚು ಬೀಜ ಚೆಲ್ಲುತ್ತದೆ, ನೀನು ದಡ್ಡನ ಹಾಗೆ ಕಾಣುತ್ತೀಯ. ತೊಗರಿಗೆ ಸಾಲು ಬಿಟ್ಟುಕೊಟ್ಟ ರೈತನೂ ಒಳ್ಳೆಯ ಮುಂಗಾರಿನ ವರ್ಷ ಹಾಗೆಯೇ ಕಾಣುತ್ತಾನೆ.

ಕೊಪ್ಪಳ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ ಇದರ ತದ್ವಿರುದ್ಧ ಚಿತ್ರವಿದೆ. ಗಂಗಾವತಿಯ ಭತ್ತದ ಬಯಲು ತುಂಗಭದ್ರೆಯ ಎಡದಂಡೆ ಕಾಲುವೆಯನ್ನೇ ನಂಬಿದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ನೀರು ಹೊಳೆಗೆ ಹರಿಯುತ್ತಿದ್ದ ಆ ಒಂದು ವಾರ ಬಯಲಿನ ಊರೂರುಗಳಲ್ಲಿ ನಿದ್ದೆ ಇರಲಿಲ್ಲ. ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಒಂದೊಂದಾಗಿ ಸ್ಟಾಪ್‌ಲಾಗ್ ಎಂಬ ತಡೆಹಲಗೆ ಇಳಿಸಿ ಬಾಯಿ ಮುಚ್ಚಿದರು, ಆಮೇಲೆ ಮಳೆಯೂ ಕೈಹಿಡಿಯಿತು. ನೀರಾವರಿ ತಪ್ಪೆಂದು ನಾನು ಹೇಳುತ್ತಿಲ್ಲ; ಆ ನೀರು ಗಂಗಾವತಿಗೆ ಕೊಟ್ಟ ಅನ್ನವನ್ನು ಯಲಬುರ್ಗಾದ ತೊಗರಿ ಎಂದೂ ಕೊಡಲಾರದು. ಆದರೆ ಅಷ್ಟು ದೊಡ್ಡ ಬಯಲಿನ ಗಡಿಯಾರಗಳೆಲ್ಲ ಒಂದೇ ಚೈನಿಗೆ ಜೋತುಬಿದ್ದಿದ್ದವು ಎನ್ನುವುದು ಆ ರಾತ್ರಿ ಎಲ್ಲರ ಕಣ್ಣಿಗೆ ಬಿತ್ತು.

ಹಾಗಾದರೆ ಭಾಗ್ಯನಗರದ ಸಿಕ್ಕು ಬಿಡಿಸುವ ಹೆಂಗಸಿಗೂ ಎರಡು ಗಡಿಯಾರ ಇಟ್ಟುಕೋ ಎನ್ನೋಣವೇ? ಇಲ್ಲಿ ನನ್ನ ಉತ್ಸಾಹಕ್ಕೆ ನಾನೇ ಕಡಿವಾಣ ಹಾಕಬೇಕು. ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೊ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಕೊಯ್ಲಿಗೆ ಮುಂಚೆ, ಕೈ ಬರಿದಾಗಿದ್ದಾಗ ಒಮ್ಮೆ, ಕೊಯ್ಲಿನ ನಂತರ, ದುಡ್ಡು ಕೈಗೆ ಬಂದಾಗ ಇನ್ನೊಮ್ಮೆ, ಅದೇ ರೈತರಿಗೆ ಬುದ್ಧಿಯ ಒಗಟುಗಳನ್ನು ಕೊಟ್ಟರು. ಅದೇ ಮನುಷ್ಯ ಕೊಯ್ಲಿಗೆ ಮುಂಚೆ ಕಡಿಮೆ ಅಂಕ ಪಡೆದ. ಅವನ ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ, ಸಾಲದ ಲೆಕ್ಕದಲ್ಲಿ ತೊಡಗಿತ್ತು. ಕೆಲಸವಾದಷ್ಟಕ್ಕೆ ಮಾತ್ರ ಕೂಲಿ ಪಡೆಯುವವಳಿಗೆ ಹೊಸತನ್ನು ಕಲಿಯಲು ಒಂದು ತಿಂಗಳು ಬಿಡುವು ಎಂದರೆ ಒಂದು ತಿಂಗಳ ಉಪವಾಸ. ಮಣ್ಣಿನಲ್ಲಿ ಮಲಗಿರುವ ಬೀಜಕ್ಕೂ ತನ್ನೊಳಗೆ ಒಂದಿಷ್ಟು ಹಿಟ್ಟು ಇರಬೇಕಲ್ಲ. ಬದಲಾವಣೆಯನ್ನು ಪ್ರೀತಿಸಿ ಎನ್ನುವ ಭಾಷಣಕಾರರು ಈ ಹಿಟ್ಟನ್ನು ಯಾರು ಕೊಡಬೇಕು ಎಂದು ಹೇಳುವುದನ್ನು ನಾನು ಕೇಳಿಲ್ಲ.

ಕಳೆದ ಸಲ ಭಾಗ್ಯನಗರಕ್ಕೆ ಹೋದಾಗ ಒಂದು ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರು ಕೊಂಡಿ ಹಾಕುತ್ತಿದ್ದರು. ಇಳಕಲ್ ಬಗೆಯ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಮುಗಿಯುವ ಕಡೆ ಎಳೆಗೆ ಎಳೆ ಕುಣಿಕೆ ಹಾಕಿ ಸೆರಗಿನ ಹಾಸನ್ನು ಅದಕ್ಕೆ ಕೂಡಿಸಬೇಕು. ಬಣ್ಣ ಬದಲಾಗುತ್ತದೆ, ಹತ್ತಿ ಹೋಗಿ ರೇಷ್ಮೆ ಬರುತ್ತದೆ, ಆದರೆ ಬಟ್ಟೆ ಎಲ್ಲೂ ತುಂಡಾಗುವುದಿಲ್ಲ. ಸಾವಿರಾರು ಎಳೆಗಳು. ಆಕೆ ಬೆರಳಿಗೆ ಆಗಾಗ ಬೂದಿ ಒತ್ತಿಕೊಂಡು ಒಂದೊಂದೇ ಕುಣಿಕೆಯನ್ನು ತೂರಿಸಿ ಹೊಸೆಯುತ್ತಿದ್ದರು. ಒಂದು ತಪ್ಪಿದಾಗ ಅದೊಂದನ್ನೇ ಬಿಚ್ಚಿ ಮತ್ತೆ ಹಾಕಿದರು. ಮಗ ಕೂದಲಿನ ಗೋದಾಮಿಗೆ ಹೋಗುತ್ತಾನಂತೆ, ಸೊಸೆ ಮನೆಯಲ್ಲೇ ಸಿಕ್ಕು ಬಿಡಿಸುತ್ತಾಳೆ, ಮೊಮ್ಮಗಳು ಕೊಪ್ಪಳದಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಾಳೆ.

“ಮಗ್ಗ ಮಾರಿಬಿಡ್ತೀಯೇನ್ ಯವ್ವಾ?” ಎಂದೆ.

“ಈ ಹಬ್ಬ ಹೋಗ್ಲಿ, ನೋಡೂಣು” ಎಂದರು. ತಲೆ ಎತ್ತಲಿಲ್ಲ. “ಹ್ವಾದ ವರ್ಷನೂ ಹಿಂಗ ಅಂದಿದ್ದೆ.”

ಹೊರಗೆ ಸೈಕಲ್ಲಿನವನ ಕೂಗು ಕೇಳಿಸಿತು. ಆಕೆ ಕೊಂಡಿಯನ್ನು ಅಲ್ಲೇ ಬಿಟ್ಟು, ಮೊಳಕಾಲು ಹಿಡಿದುಕೊಂಡು ಎದ್ದು, ಕನ್ನಡಿಯ ಹಿಂದಿನಿಂದ ಪ್ಲಾಸ್ಟಿಕ್ ಚೀಲ ಎಳೆದರು. ಅವನು ತಕ್ಕಡಿ ಎತ್ತಿ ತೂಗಿ ಒಂದು ಹಾಳೆ ಪಿನ್ನು ಚಾಚಿದ. ಓಣಿಯ ತುಂಬ ಕೂದಲ ಗೋದಾಮುಗಳಿರುವಾಗ ತನಗೆ ದರ ಗೊತ್ತಿಲ್ಲವೇ ಎಂದು ಆಕೆ ರೇಗಿದರು. ಅವನು ಇನ್ನೊಂದು ಹಾಳೆ ಹರಿದುಕೊಟ್ಟ.